ಒಳಗೆ ಬಿಟ್ಟ ಬಟ್ಟೆ

"ಕತ್ತರಿ ಕೆಳಗಿಡು! ನನ್ನ ಮಗನ ಕೋಟಿಗೆ ಕೈ ಹಚ್ಚಿದೆಯೋ, ಈ ಮನೇಲಿ ನಾನಿರಲ್ಲ!"

ಅತ್ತೆಯ ಕೂಗಿಗೆ ಸೊಸೆ ಕತ್ತರಿ ಕೆಳಗಿಟ್ಟಳು. ಅಷ್ಟರಲ್ಲೇ ಲೈನಿಂಗಿನ ಒಂದು ಮಗ್ಗುಲನ್ನು ಅವಳು ಬಿಚ್ಚಿಬಿಟ್ಟಿದ್ದಳು. ತೀರಿಕೊಂಡ ಗಂಡನ ಕೋಟು ಅದು. ಅವನು ಮೇಷ್ಟರಾಗಿ ಶಾಲೆಗೆ ಹೊರಟ ಮೊದಲ ದಿನ ತೊಡಲೆಂದು ಅವನಪ್ಪ ಕೈಯಾರೆ ಹೊಲಿದುಕೊಟ್ಟದ್ದು. ಆ ಅಪ್ಪ ಮೊಮ್ಮಗಳ ಮುಖವನ್ನೂ ನೋಡದೆ ಹೋದರು; ಮಗನೂ ಬಹಳ ದಿನ ಉಳಿಯಲಿಲ್ಲ. ಉಳಿದದ್ದು ಮನೆಯ ಮುಂಭಾಗದ ಹೊಲಿಗೆ ಅಂಗಡಿ, ಮಾವನಿಂದಲೇ ಕತ್ತರಿ ಹಿಡಿಯಲು ಕಲಿತ ಈ ಸೊಸೆ, ಮತ್ತು ಬೀರುವಿನಲ್ಲಿದ್ದ ಈ ಕಂದು ಕೋಟು.

ಈಗ ಮಗಳಿಗೆ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ನಾಳೆ ಅಪ್ಪನ ಕೋಟು ತೊಟ್ಟೇ ಪಾಠಕ್ಕೆ ನಿಲ್ಲಬೇಕೆಂದು ಅವಳ ಹಟ. ಆದರೆ ಅಪ್ಪನೋ ಕಡ್ಡಿ ಪೈಲ್ವಾನ್! ಮಗಳಿಗೆ ಮನೆಯಲ್ಲಿ ಗುಂಡು ಎಂದೇ ಹೆಸರು.

"ಅತ್ತೆ, ಬೀರುವಿನಲ್ಲೇ ಇಟ್ರೆ ಹುಳ ತಿನ್ನುತ್ತೆ..."

"ತಿನ್ನಲಿ! ಅವನ ಮೈಯ ಅಳತೆ ಉಳಿದಿರೋದು ಇದರಲ್ಲೊಂದೇ ಕಣೇ... ಇದನ್ನೂ ಬಿಚ್ಚಿಬಿಟ್ರೆ ನಾನು ಇನ್ನೇನನ್ನ ತಬ್ಬಿಕೊಳ್ಳಲಿ?"

ಯಾವತ್ತೂ ಬಾಯಿ ಜೋರು ಮಾಡುತ್ತಿದ್ದ ಮುದುಕಿಯ ದನಿ ಒಡೆದುಹೋಯಿತು. ಸೊಸೆಗೂ ಅಳು ತಡೆಯಲಾಗಲಿಲ್ಲ. ಅವನು ಅವಳಿಗೇನು ಕಡಿಮೆಯವನೇ?

"ಜಗಳ ಬೇಡಮ್ಮ, ಹಾಗೇ ಹೊಲಿದುಬಿಡು. ನಾನು ಬೇರೆ ಏನಾದ್ರೂ ಹಾಕ್ಕೊತೀನಿ," ಎಂದು ಗುಂಡು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಅಜ್ಜಿ ಕೋಟನ್ನು ಕಿತ್ತುಕೊಂಡು, ಬಿಚ್ಚಿದ ಮಗ್ಗುಲನ್ನು ಕೂಡಿಸಲು ಒಳಗೆ ಬೆರಳು ಹಾಕಿದರು. ಬೆರಳು ಅಲ್ಲೇ ನಿಂತಿತು. ಹೊಲಿಗೆಯ ಒಳಗೆ ಬಟ್ಟೆ ಮಡಿಕೆ ಮಡಿಕೆಯಾಗಿತ್ತು.

ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲೆಂದು ಹೊಲಿಗೆಯ ಒಳಗೆ ಕೈಬಿಚ್ಚಿ ಬಟ್ಟೆ ಬಿಡುತ್ತಿದ್ದುದಕ್ಕೇ ಗಿರಾಕಿಗಳು ಅವರ ಯಜಮಾನರನ್ನು ಧಾರಾಳಪ್ಪ ಎಂದು ಕರೆಯುತ್ತಿದ್ದರು. ಈ ಕೋಟು ಹೊಲಿಯುವಾಗಲೂ ಇದೇ ಮಾತಿಗೆ ಗಂಡ ಹೆಂಡಿರ ನಡುವೆ ಜಟಾಪಟಿ ನಡೆದಿತ್ತು. ಮುದುಕಿಗೆ ಈಗ ಎಲ್ಲ ನೆನಪಾಯಿತು.

"ಅಯ್ಯೋ... ನಾನೇ ಬೈದಿದ್ದೆ ಕಣೇ! ಈ ಕಡ್ಡಿಗೆ ಒಳಗಡೆ ಇಷ್ಟೊಂದು ಬಟ್ಟೆ ಯಾಕ್ರೀ ಅಂದೆ. 'ಇವನಿಗಲ್ಲ ಕಣೇ, ಇವನಾದ ಮೇಲೆ ಹಾಕ್ಕೊಳ್ಳೋರಿಗೆ' ಅಂದ್ರು. ಇವನಿಗಿನ್ನೂ ಮದುವೆಯೇ ಆಗಿಲ್ಲ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದ್ದೀರಲ್ಲ ಅಂತ ನಕ್ಕುಬಿಟ್ಟೆ..."

ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, ತಾವೇ ಕತ್ತರಿಯನ್ನು ಎತ್ತಿ ಸೊಸೆಯ ಕೈಗಿಟ್ಟರು. "ಬಿಚ್ಚು."

ಬೆಳಿಗ್ಗೆ ಗುಂಡು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಅಳತೆ ಸರಿಯಾಗಿತ್ತು. ಆದರೆ ಹೊರಗಿನ ಬಟ್ಟೆ ಮಾಸಿತ್ತು, ಒಳಗಿಂದ ಬಂದದ್ದು ಇನ್ನೂ ಹೊಚ್ಚ ಹೊಸ ಕಂದು. ಎರಡು ಪಕ್ಕೆಯಲ್ಲೂ ಹಳೆಯ ಹೊಲಿಗೆಯ ಗೆರೆ ಎದ್ದು ಕಾಣುತ್ತಿತ್ತು.

"ಮೇಲೊಂದು ಪಟ್ಟಿ ಕೊಟ್ಟು ಮುಚ್ಚಿಬಿಡಲಾ ಅತ್ತೆ?"

"ಮುಚ್ಚಬೇಡ!" ಅಜ್ಜಿ ಮೊಮ್ಮಗಳ ಪಕ್ಕೆಯ ಮೇಲೆ ಬೆರಳಾಡಿಸಿದರು. "ಇಲ್ಲೀವರೆಗೂ ನನ್ನ ಮಗ. ಇಲ್ಲಿಂದಾಚೆ ಇವಳು. ಅವನ ಅಳತೆ ಎಲ್ಲೂ ಹೋಗಿಲ್ಲ ಬಿಡು..."

ಕೋಟಿನ ಗುಂಡಿಗಳನ್ನು ಅವರೇ ಒಂದೊಂದಾಗಿ ಹಾಕಿದರು. ಆಮೇಲೆ ಗೋಡೆಯ ಮೇಲಿದ್ದ ಯಜಮಾನರ ಪಟದ ಕಡೆಗೆ ಮೊಮ್ಮಗಳ ಭುಜ ಹಿಡಿದು ತಿರುಗಿಸಿದರು.

"ರೀ... ಕೂಸು ಬಂದಿದೆ ನೋಡ್ರೀ! ಕುಲಾವಿ ಸರಿಯಾಗಿದೆ."