ಅಜ್ಜಿ ಕೇಳಿದ್ದ ಉಂಗುರದ ಫೋಟೋ

“ಹಡಗು ಬರಲ್ವಂತೆ! ಗಾಳಿ ಜಾಸ್ತಿ ಅಂತ ನಿಲ್ಲಿಸಿಬಿಟ್ಟಿದ್ದಾರೆ!” ಇಸಾಮು ಮಾವ ದ್ವೀಪದ ಚರ್ಚಿನ ಬಾಗಿಲಲ್ಲಿ ಶೂ ಬಿಚ್ಚುತ್ತಲೇ ಕೂಗಿದ.

ಏಣಿ ಹತ್ತಿ ಹೂ ಕಟ್ಟುತ್ತಿದ್ದ ಕೊಹಾರುವಿನ ಅಮ್ಮ ಗಾಬರಿಯಿಂದ ತಿರುಗಿದಳು. “ಹಾಗಾದ್ರೆ ಫೋಟೋಗ್ರಾಫರ್?”

“ನಾಗಸಾಕಿ ಬಂದರಿನಲ್ಲೇ ಕೂತಿದ್ದಾನೆ, ಕ್ಯಾಮೆರಾ ಚೀಲ ತಬ್ಕೊಂಡು.”

ಮದುವೆಗೆ ಇನ್ನು ಎರಡೇ ಗಂಟೆ. ಕೊಹಾರು ಕೈಯಲ್ಲಿದ್ದ ಬಿಳಿ ಹೂಗಳ ಬುಟ್ಟಿಯನ್ನು ಕೆಳಗಿಟ್ಟಳು. ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ ನಾಗಸಾಕಿಯ ಆಸ್ಪತ್ರೆಯಲ್ಲಿದ್ದಳು. ಕೊನೇ ಮಗಳು ಸಾಯೊ ಚಿಕ್ಕಮ್ಮನ ಮದುವೆಗೂ ಬರುವಂತಿರಲಿಲ್ಲ. “ಉಂಗುರ ಹಾಕೋದು ಒಂದು ಫೋಟೋ ಸಿಕ್ಕರೆ ಸಾಕು ನಂಗೆ” ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದಳು.

ಮಾವನ ಕಣ್ಣು ಕೊಹಾರು ಮೇಲೆ ಬಿತ್ತು. “ಏ, ನೀನು ಸ್ಕೂಲಲ್ಲಿ ಫೋಟೋ ಕ್ಲಬ್ ಅಲ್ವಾ? ಕ್ಯಾಮೆರಾ ತಗೊಂಡ್ಬಾ!”

“ನಾನಾ? ನಾನು ತೆಗ್ದಿರೋದೆಲ್ಲ ಬೆಕ್ಕಿನ ಫೋಟೋ, ಮಾವ!”

“ಬೆಕ್ಕಿಗಿಂತ ಮದುಮಗಳು ಸುಮ್ನೆ ನಿಲ್ತಾಳೆ. ಓಡು!”

ಅವಳು ಕ್ಯಾಮೆರಾ ತಂದಾಗ ಫಾದರ್ ಉರಕಾವಾ ದೊಡ್ಡ ಹೂದಾನಿಯೊಂದನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಅದು ಪರಮಪ್ರಸಾದ ಇಡುವ ಪೆಟ್ಟಿಗೆಗೆ ಅಡ್ಡವಾಗಿತ್ತು.

“ಫ್ಲ್ಯಾಶ್ ಬೇಡ ಪುಟ್ಟಿ” ಎಂದರು ಫಾದರ್. “ಬಲಿಪೀಠದ ಮೆಟ್ಟಿಲು ಹತ್ತಬೇಡ. ಕೆಳಗೆ ಎಲ್ಲಿ ಬೇಕಾದ್ರೂ ನಿಂತ್ಕೋ.”

ಕೊಹಾರು ತಲೆಯಾಡಿಸಿದಳು. ಫ್ಲ್ಯಾಶ್ ಆಫ್ ಆಗಿದೆಯಾ ಎಂದು ನಾಲ್ಕು ಸಲ ನೋಡಿದಳು.

ಆದರೆ ಮದುವೆ ಶುರುವಾದ ಮೇಲೆ ಯಾವುದೂ ಸರಿಹೋಗಲಿಲ್ಲ. ಚಿಕ್ಕಮ್ಮ ನಡೆದು ಬರುವ ಫೋಟೋ ಪೂರ್ತಿ ಮಸುಕು. ಹಾಡಿನ ಹೊತ್ತಿನ ಫೋಟೋದಲ್ಲಿ ಬರೀ ಮಾವನ ಬೆನ್ನು. ಗಾಳಿಗೆ ಕಿಟಕಿಗಳು ಗಡಗಡ ಅನ್ನುತ್ತಿದ್ದವು.

ಚಿಕ್ಕಮ್ಮ, ಮದುಮಗ ಹಿರೋಮು ಎದುರುಬದುರು ನಿಂತರು. ಮಾತು ಕೊಡುವುದು ಮುಗಿದರೆ ಉಂಗುರವೇ. ಕೊಹಾರು ಎಡಕ್ಕೆ ಬಂದಳು, ಬಲಕ್ಕೆ ಹೋದಳು. ಎಲ್ಲಿಂದ ನೋಡಿದರೂ ಮುಸುಕಿನ ಬಟ್ಟೆ ಕೈಗಳನ್ನು ಮುಚ್ಚಿತ್ತು. ಮೆಟ್ಟಿಲ ಮೇಲಿಂದ ಮಾತ್ರ ಕಾಣುವ ಹಾಗಿತ್ತು.

ಒಂದೇ ಕಾಲು. ಒಂದೇ ನಿಮಿಷ. ಅಜ್ಜಿಗೋಸ್ಕರ ಅಲ್ವಾ?

ಕಾಲಿಟ್ಟಳು. ಹಳೇ ಹಲಗೆ ‘ಕಿರ್ರ್’ ಎಂದಿತು.

“ಸುಖದಲ್ಲೂ…” ಎನ್ನುತ್ತಿದ್ದ ಚಿಕ್ಕಮ್ಮ ತಟ್ಟನೆ ಇತ್ತ ನೋಡಿದಳು. “ಸುಖದಲ್ಲೂ… ಸುಖದಲ್ಲೂ…” ಮುಂದಿನ ಮಾತು ಬರಲೇ ಇಲ್ಲ. ಹಿಂದೆ ಯಾರೋ ಕೆಮ್ಮಿದರು. ಚಿಕ್ಕಮ್ಮನ ಕಿವಿ ಕೆಂಪಾಯಿತು.

“ದುಃಖದಲ್ಲೂ” ಎಂದು ಫಾದರ್ ಮೆಲ್ಲಗೆ ನೆನಪಿಸಿದರು.

ಕೊಹಾರು ಕಾಲು ಹಿಂದೆಗೆದು ಗೋಡೆಗೆ ಅಂಟಿ ನಿಂತಳು. ಮುಖವೆಲ್ಲ ಬಿಸಿಯಾಗಿತ್ತು. ಕ್ಯಾಮೆರಾ ಕೊರಳಲ್ಲಿ ಸುಮ್ಮನೆ ನೇತಾಡುತ್ತಿತ್ತು. ಚಿಕ್ಕಮ್ಮ ಈಗ ಪಕ್ಕಕ್ಕೆ ತಿರುಗಿದ್ದರಿಂದ ಕೈಗಳು ಕಂಡವು. ಹಿರೋಮು ಉಂಗುರ ತೊಡಿಸಿದ್ದೂ ಕಂಡಿತು. ಕ್ಯಾಮೆರಾ ಎತ್ತಬೇಕು ಅನ್ನುವುದು ನೆನಪಾಗುವಷ್ಟರಲ್ಲಿ ಮುಗಿದೇ ಹೋಗಿತ್ತು.

ಆಮೇಲೆ ಪೂಜೆಯ ಗಂಟೆ ಬಾರಿಸಿದಾಗ ಎಲ್ಲರ ಜೊತೆ ಅವಳೂ ತಲೆಬಗ್ಗಿಸಿದಳು. ಪ್ರಾರ್ಥನೆ ನೆನಪಿಗೆ ಬರಲಿಲ್ಲ. ಆ ‘ಕಿರ್ರ್’ ಒಂದೇ ಕೇಳಿಸುತ್ತಿತ್ತು.

ಹೊರಗೆ ಬಂದ ಕೂಡಲೇ ಮಾವ ಕೈಚಾಚಿದ. “ಉಂಗುರದ್ದು ತೋರ್ಸು!”

“ತೆಗೀಲಿಲ್ಲ.”

“ಏನು? ಅದೊಂದನ್ನೇ ಅಲ್ವೇನೇ ಅಜ್ಜಿ ಕೇಳಿದ್ದು! ಸರಿ, ಸಾಯೊ, ಒಳಗೆ ಬಾ. ಇನ್ನೊಂದ್ಸಲ ಹಾಕ್ಕೊಂಡ್ರಾಯ್ತು. ಅಜ್ಜಿಗೇನು ಗೊತ್ತಾಗುತ್ತೆ?”

ಚಿಕ್ಕಮ್ಮ ಉಂಗುರಕ್ಕೆ ಕೈಹಾಕಿದಳು.

“ಬೇಡ ಚಿಕ್ಕಮ್ಮ!” ಎಂದಳು ಕೊಹಾರು. ತನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ತಾನೇ ಹೆದರಿದಳು. “ಅದು… ಅದು ಬೇರೆ ಆಗುತ್ತೆ.”

ಚಿಕ್ಕಮ್ಮ ಅವಳನ್ನೇ ನೋಡಿದಳು. ಫೋನ್ ತೆಗೆದು ನಂಬರ್ ಒತ್ತಿ ಅವಳ ಕೈಗಿಟ್ಟಳು. “ಹಾಗಾದ್ರೆ ಅಜ್ಜಿಗೆ ನೀನೇ ಹೇಳು.”

ಕೊಹಾರು ಫೋನನ್ನು ಕಿವಿಗಿಟ್ಟಳು.

“ಫೋಟೋ ಬಂತೇನೇ?” ಅಜ್ಜಿಯ ದನಿ.

“ಇಲ್ಲ ಅಜ್ಜಿ. ಉಂಗುರದ್ದು ಇಲ್ಲ.”

ಚರ್ಚಿನ ಕೆಳಗೆ ಸಮುದ್ರ ಭೋರ್ಗರೆಯುತ್ತಿತ್ತು.

“ನೀನು ಅಲ್ಲಿದ್ಯಾ? ನೋಡಿದ್ಯಾ?”

“ನೋಡ್ದೆ.”

“ಹಾಗಾದ್ರೆ ಹೇಳು. ನಿಧಾನಕ್ಕೆ ಹೇಳು.”

ಕೊಹಾರು ಗಾಳಿಗೆ ಬೆನ್ನು ಮಾಡಿ ನಿಂತಳು. “ಚಿಕ್ಕಮ್ಮ ಮಧ್ಯದಲ್ಲಿ ಮಾತು ಮರೆತುಬಿಟ್ಲು, ಅಜ್ಜಿ. ನನ್ನಿಂದ. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ, ಹತ್ತಬಾರದು ಅಂದಿದ್ರು.” ಬೈಗುಳಕ್ಕೆ ಕಾದಳು.

“ಆಮೇಲೆ?” ಎಂದಳು ಅಜ್ಜಿ.

“ಆಮೇಲೆ… ಉಂಗುರ ಗೆಣ್ಣಿನ ಹತ್ರ ಸಿಕ್ಕಾಕ್ಕೊಳ್ತು. ಕೆಲಸದಲ್ಲಿ ಮೀನು ಕೊಯ್ದು ಕೊಯ್ದು ಚಿಕ್ಕಮ್ಮನ ಬೆರಳು ಚಳಿಗೆ ಊದಿತ್ತಲ್ಲ, ಅದಕ್ಕೆ. ಹಿರೋಮು ಅವರು ಒತ್ತಲಿಲ್ಲ ಅಜ್ಜಿ. ಎರಡೂ ಕೈಲಿ ಆ ಬೆರಳು ಹಿಡ್ಕೊಂಡು ಬೆಚ್ಚಗೆ ಮಾಡಿದ್ರು. ಚಿಕ್ಕಮ್ಮಂಗೆ ನಗು ಬಂದು ತುಟಿ ಕಚ್ಕೊಂಡ್ಲು…”

ಆ ಕಡೆ ಅಜ್ಜಿ ಮೂಗೆಳೆದದ್ದು ಕೇಳಿಸಿತು. ಕೊಹಾರು ಕಣ್ಣು ಮುಚ್ಚಿದಳು. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಒಂದನ್ನೂ ಬಿಡದೆ ಹೇಳುತ್ತಾ ಹೋದಳು.