ಹೆರಿಗೆ ವಾರ್ಡಿನ ಖಾಲಿ ಡ್ರಾಯರ್

ಡ್ರಾಯರ್ ಖಾಲಿ! ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಿಸುವ, ಅಂಗೈಯಗಲದ ಯಂತ್ರ ವಾರ್ಡಿನಿಂದ ಮಾಯವಾಗಿತ್ತು.

ಹೋದರೆ ಹೋಯಿತು, ಇನ್ನೊಂದು ತಂದರಾಯಿತು ಅನ್ನುವ ಹಾಗಿರಲಿಲ್ಲ. ಬಡಿತ ಇರುವ ತನಕ ಗರ್ಭ ತೆಗೆದರೆ ವೈದ್ಯರಿಗೆ ಜೈಲು. ನಮ್ಮಲ್ಲಿ ಬಂದಿರುವ ಹಾಳಾದ ಹೊಸ ಕಾನೂನು ಹಾಗಿದೆ! ವಾರ್ಡಿನಲ್ಲಿದ್ದ ಹೆಂಗಸಿಗೆ ಐದನೇ ತಿಂಗಳಲ್ಲೇ ಗರ್ಭದ ನೀರಿನ ಚೀಲ ಒಡೆದು ಮೈಗೆಲ್ಲ ನಂಜೇರಿತ್ತು. ಮಗು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸ್ಕ್ಯಾನಿಂಗ್ ಯಂತ್ರವೋ, ಕೆಟ್ಟು ಕೂತಿತ್ತು. ಡಾಕ್ಟರಮ್ಮ ಬಡಿತ ನೋಡದೆಯೇ ಗರ್ಭ ತೆಗೆದು ತಾಯಿಯನ್ನು ಉಳಿಸಿಕೊಂಡರು. ಬಡಿತ ಕೇಳಿಸಬಾರದೆಂದು ಯಂತ್ರ ಬಚ್ಚಿಟ್ಟವರು ಅವರೇ ಎಂದು ಆಸ್ಪತ್ರೆಯವರೇ ದೂರು ಕೊಟ್ಟರು. ತನಿಖೆಗೆ ನಮ್ಮ ಇನ್ಸ್‌ಪೆಕ್ಟರ್ ಮೇಡಂ, ಅವರ ಬಾಲದಂತೆ ಕಾನ್‌ಸ್ಟೆಬಲ್ ನಾನು.

"ನೀವೇ ತೆಗೆದಿಟ್ರಾ?" ಮೇಡಂ ಡಾಕ್ಟರಮ್ಮನನ್ನು ಕೇಳಿದರು.

"ಇಲ್ಲ. ಹುಡುಕಿದೆ, ಸಿಗ್ಲಿಲ್ಲ. ಅವಳು ಜ್ವರದಲ್ಲಿ ನಡುಗ್ತಿದ್ಲು— ಹುಡುಕ್ತಾ ಕೂತ್ಕೊಳ್ಲಾ?"

"ಬೇರೆ ಡಾಕ್ಟರನ್ನ ಕೇಳ್ಬಹುದಿತ್ತಲ್ಲ?"

"ಕೇಳಿದೆ. ಒಬ್ಬರು ಫೋನೇ ಎತ್ತಲಿಲ್ಲ. ಇನ್ನೊಬ್ಬರು, ನನ್ನ ಹೆಸರು ಎಲ್ಲೂ ಬರಬಾರದು ಅಂದ್ರು." ಡಾಕ್ಟರಮ್ಮ ನಕ್ಕರು.

ಅವರ ಬ್ಯಾಗು, ಕಾರು, ಕಪಾಟು ಎಲ್ಲ ಜಾಲಾಡಿದೆ. ಊಹೂಂ!

ನರ್ಸಕ್ಕನ ಸರದಿ. "ಗಂಟೆಗೊಂದ್ಸಲ ಬಡಿತ ನೋಡ್ತಿದ್ದೋಳು ನಾನೇ. ನೋಡಿ, ಅವಳ ಮಂಚದ ಪಕ್ಕದ ಡ್ರಾಯರಲ್ಲೇ ಇಡ್ತಿದ್ದೆ. ಕೊನೇ ಸಲ ಬಂದ್ರೆ ಇಲ್ಲ!"

"ಆಗ ರೋಗಿ ಏನ್ ಮಾಡ್ತಿದ್ರು?"

"ಏನ್ ಮಾಡ್ತಾಳೆ, ಪಾಪ? ಪೂರ್ತಿ ಹೊದ್ಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಗೋಡೆ ಕಡೆ ತಿರುಗಿದ್ಲು. ಹಾಡು ಕೇಳ್ಲಿ ಬಿಡು ಅಂತ ಸುಮ್ಮನಾದೆ."

ಹೊರಗಿನ ಬೆಂಚಿನಲ್ಲಿ ರೋಗಿಯ ಅಕ್ಕ ಸಿಡಿಮಿಡಿಗುಟ್ಟುತ್ತಿದ್ದಳು. "ನನ್ನನ್ನೇನು ಕೇಳ್ತೀರಿ? ಇಡೀ ದಿನ ಅವಳ ಫೋನ್ ಹಿಡ್ಕೊಂಡು ಇಲ್ಲೇ ಬಿದ್ದಿದ್ದೆ. ಒಬ್ಬರಾದ ಮೇಲೊಬ್ಬರು ನೆಂಟರು— ಉತ್ತರ ಹೇಳಿ ಹೇಳಿ ಬಾಯಿ ಒಣಗಿಹೋಯ್ತು!"

ಮೇಡಂ ಸರ್ರನೆ ವಾರ್ಡಿಗೆ ನಡೆದರು. ಡಾಕ್ಟರಮ್ಮನೂ ಬಂದು ಬಾಗಿಲಲ್ಲಿ ನಿಂತರು.

"ನಿನ್ನ ಫೋನು ಅಕ್ಕನ ಹತ್ರ ಇತ್ತು," ಮೇಡಂ ಮೆಲ್ಲಗೆ ಹೇಳಿದರು. "ಹಾಗಾದ್ರೆ ಇಯರ್‌ಫೋನಲ್ಲಿ ಏನು ಕೇಳ್ತಿದ್ದೆಯಮ್ಮ?"

ಅವಳು ದಿಂಬಿನ ಕವರಿಗೆ ಕೈಹಾಕಿ ಯಂತ್ರ ತೆಗೆದಳು. ಇಯರ್‌ಫೋನ್ ಇನ್ನೂ ಅದರಲ್ಲೇ ಇತ್ತು. ಅಷ್ಟೆಲ್ಲ ಜಾಲಾಡಿದ ನಾನು ಅವಳ ಹಾಸಿಗೆ ಮುಟ್ಟಿರಲಿಲ್ಲ.

"ನಾನೇ ತಗೊಂಡೆ," ಎಂದಳು. "ಗಂಟೆಗೊಂದ್ಸಲ ಬಂದು 'ಇನ್ನೂ ಇದೆ' ಅಂತ ನಿಟ್ಟುಸಿರು ಬಿಡೋರು. ಎಲ್ರೂ ಅದು ನಿಲ್ಲೋದನ್ನೇ ಕಾಯ್ತಿದ್ರಿ. ನನ್ನ ಜೀವ ಉಳಿಸೋಕೇ, ಗೊತ್ತು. ಆದ್ರೆ ಅದರ ಕಡೆಯೋರು ಅಂತ ಒಬ್ರಾದ್ರೂ ಬೇಡ್ವಾ?"

"ಆಮೇಲೆ?"

"ನಿಂತುಹೋಯ್ತು. ಡಾಕ್ಟರು ಒಳಗೆ ಬರೋ ಮುಂಚೇನೇ. ಹೇಳಿದ್ರೆ ತಕ್ಷಣ ತೆಗೆದುಬಿಡ್ತಾರೆ ಅಂತ ಹೇಳ್ಲಿಲ್ಲ. ಇವರ ಕುತ್ತಿಗೆಗೆ ಬರುತ್ತೆ ಅಂತ ನಂಗೆ ಗೊತ್ತಿರಲಿಲ್ಲ."

ಅಂದರೆ ಡಾಕ್ಟರಮ್ಮ ಗರ್ಭ ತೆಗೆದಾಗ ಬಡಿತವೇ ಇರಲಿಲ್ಲ. ಜೈಲು ತಪ್ಪಿತು! ಈಗಲಾದರೂ ಉಸ್ಸೆಂದಾರು ಎಂದು ನಾನು ಅವರ ಮುಖ ನೋಡಿದೆ. ಅವರು ಬಂದು ಹಾಸಿಗೆಯ ತುದಿಯಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡರು.

"ಅದು ನಿಂತಾಗ," ಎಂದರು, "ಒಬ್ಬಳೇ ಕೇಳಿಸ್ಕೊಂಡ್ಯಾ?"