ಉಗುಳದ ಗುಟುಕು

ಹೆಸರುಕಾಳಿನಷ್ಟೇ ಇದ್ದ ಪೊರೆಯೆತ್ತುಕ ಎಂಬ ಸಾಧನವು ಬೊಳ್ಳಮ್ಮನ ಬಾಯಿಯೊಳಗೆ ಅವಳ ಉಸಿರಿಗಾಗಿ ಕಾಯುತ್ತಿತ್ತು. ಅವಳು ಉಸಿರು ಎಳೆದುಕೊಂಡಾಗಲೆಲ್ಲ ಅದು ದವಡೆಯ ಮೇಲಿನ ತೆಳು ಪೊರೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸುತ್ತಿತ್ತು, ಬಿಟ್ಟಾಗ ಸುಮ್ಮನಿರುತ್ತಿತ್ತು.

ಕೆನ್ನೆಯ ಹಿಂದೆ, ಮೇಲ್ದವಡೆಯ ಹಲ್ಲುಗಳ ಮೇಲೆ, ಎಲ್ಲರಿಗೂ ಒಂದು ಗಾಳಿಕೋಣೆ ಇದೆ. ದವಡೆಹಲ್ಲು ಬಿದ್ದು ವರ್ಷಗಳಾದರೆ ಅದರ ನೆಲ ಕುಸಿಯುತ್ತದೆ, ಎಲುಬು ಸವೆಯುತ್ತದೆ. ಹೊಸ ಹಲ್ಲಿನ ತಿರುಪು ನಾಟಲು ಜಾಗ ಉಳಿಯುವುದಿಲ್ಲ. ಆಗ ಮೊಟ್ಟೆಯ ಒಳಸಿಪ್ಪೆಯಂಥ ಪೊರೆಯನ್ನು ಹರಿಯದಂತೆ ಎತ್ತಿ, ಅದರ ಕೆಳಗೆ ಎಲುಬಿನ ಪುಡಿ ತುಂಬಬೇಕು. ನುರಿತ ಕೈಗಳೂ ಎಡವುತ್ತಿದ್ದ ಈ ಕೆಲಸವನ್ನು ಈಗ ರೋಗಿಯ ಉಸಿರೇ ನಡೆಸುತ್ತಿತ್ತು.

“ಮುಗೀತು ನೋಡಿ,” ಎಂದರು ಹಲ್ಲಿನ ಡಾಕ್ಟರ್ ಫರ್ಜಾನಾ. “ಪುಡಿ ಎಲುಬಾಗೋಕೆ ಆರು ತಿಂಗಳು. ಅಲ್ಲೀವರೆಗೆ ಏನನ್ನೂ ಸೊರ್ರ್ ಅಂತ ಹೀರೋ ಹಾಗಿಲ್ಲ, ಪೊರೆ ಹರಿಯುತ್ತೆ. ಪೊರೆ ಪಕ್ಕ ಕಾವಲುಮಣಿ ಇಟ್ಟಿದೀನಿ. ಎಳೆತ ಜಾಸ್ತಿಯಾದ್ರೆ ಟಿಕ್ ಅನ್ನುತ್ತೆ.”

“ಡಾಕ್ಟ್ರೇ, ನನ್ನ ಕೆಲಸವೇ ಸೊರ್ರ್ ಅನ್ನೋದು!”

“ಮೊದಲೇ ಹೇಳ್ಬಾರ್ದಾ? ಕಾಫಿ ಕಾರ್ಖಾನೆ ಅಂತ ಬರೆದಿದ್ರಿ. ಆಫೀಸಲ್ಲಿ ಕೂತಿರ್ತೀರೇನೋ ಅಂದ್ಕೊಂಡೆ.”

ಬೊಳ್ಳಮ್ಮ ಹಾಸನದ ಕಾಫಿ ಸಂಸ್ಕರಣಾ ಕೇಂದ್ರವೊಂದರಲ್ಲಿ ರುಚಿ ನೋಡುವವಳು. ಚಮಚದ ಕಾಫಿಯನ್ನು ಸದ್ದು ಮಾಡಿ ಒಳಕ್ಕೆಳೆದು, ನಾಲಿಗೆಯ ಮೇಲೆಲ್ಲ ಚಿಮ್ಮಿಸಿ, ಉಗುಳಿ, ಅಂಕ ಕೊಡುವುದು ಆ ಕಸುಬಿನ ಪದ್ಧತಿ. ದಿನಕ್ಕೆ ನೂರು ಬಟ್ಟಲು ನುಂಗುವವರು ಯಾರು? ತೆಗೆದಿಡುವ ಹಲ್ಲಿನ ಸೆಟ್ಟು ಅಂಗುಳನ್ನು ಮುಚ್ಚಿ ರುಚಿ ಕೊಲ್ಲುತ್ತದೆಂದೇ ಅವಳು ಈ ಚಿಕಿತ್ಸೆಗೆ ಒಪ್ಪಿದ್ದಳು. ಇತ್ತ ಅವಳ ಮೇಜಿನ ಪಕ್ಕ ರುಚಿಮಾಪಕ ಎಂಬ ಯಂತ್ರ ಬಂದು ಕೂತಿತ್ತು. ಅವಳ ಇಪ್ಪತ್ತೆರಡು ವರ್ಷಗಳ ಅಂಕಗಳನ್ನೇ ಓದಿ ಕಲಿತದ್ದು. ಈ ಹಂಗಾಮಿನ ಪರೀಕ್ಷೆಯಲ್ಲಿ ಇಬ್ಬರ ಅಂಕ ಹೊಂದದಿದ್ದರೆ ಕುರ್ಚಿ ಯಂತ್ರಕ್ಕೇ ಎಂದು ಮುಖ್ಯಸ್ಥ ಜಯಚಂದ್ರ ಹೇಳಿಬಿಟ್ಟಿದ್ದರು.

ಮೂರು ವಾರ ಕಳೆದು ಪರೀಕ್ಷೆ ಬಂತು. ಹನ್ನೆರಡು ಬಟ್ಟಲು, ತೋಟಗಳ ಹೆಸರು ಮುಚ್ಚಿದ ಲಕೋಟೆಗಳಲ್ಲಿ. ಬೊಳ್ಳಮ್ಮ ಚಮಚ ಎತ್ತಿ ಹೀರಿದಳೋ ಇಲ್ಲವೋ, ದವಡೆಯಲ್ಲಿ ಟಿಕ್ ಎಂದಿತು. ಬೇರೆ ದಾರಿ ಕಾಣದೆ, ನೆಂಟರ ಮನೆಯಲ್ಲಿ ಕುಡಿದಂತೆ ಒಂದೊಂದೇ ಗುಟುಕು ನುಂಗತೊಡಗಿದಳು.

ಏಳನೆಯದು ನಾಲಿಗೆಗೆ ಸಪ್ಪೆ ಎನಿಸಿತು. ಗಂಟಲು ದಾಟಿದ ಮೇಲೆ ಮಾತ್ರ ಒಳಗಿನಿಂದ ಕಿತ್ತಳೆ ಸಿಪ್ಪೆಯ ಘಮ ನಿಧಾನಕ್ಕೆ ಮೂಗಿಗೇರಿತು. ಇಳಿಯಲೇ ಇಲ್ಲ. ಅವಳು ಅದಕ್ಕೆ ಮೊದಲ ಸ್ಥಾನ ಕೊಟ್ಟಳು. ಯಂತ್ರ ಕೊನೆಯದು ಕೊಟ್ಟಿತ್ತು.

“ಆಪರೇಷನ್ ನಿಮ್ಮ ಬಾಯಿ ಕೆಡಿಸ್ತು, ಬೊಳ್ಳಮ್ಮ,” ಎಂದರು ಜಯಚಂದ್ರ, ನೊಂದ ದನಿಯಲ್ಲೇ.

“ಹಾಗಾದ್ರೆ ಬೀಜ ಆರಿಸೋ ಹೆಂಗಸರಿಗೆ ಕೊಡಿ ಸರ್. ಅವರ ಬಾಯಿಗೆ ಯಾರೂ ಆಪರೇಷನ್ ಮಾಡಿಲ್ಲ.”

ಆ ಹೆಂಗಸರಿಗೆ ಎರಡನ್ನೂ ಕೊಟ್ಟರು. ಯಂತ್ರ ಮೆಚ್ಚಿದ ಕಾಫಿ ಎಲ್ಲರ ಲೋಟದಲ್ಲೂ ಅರ್ಧ ಉಳಿಯಿತು. ಏಳನೆಯದರ ಲೋಟಗಳು ಬರಿದಾದವು. “ಇದನ್ನ ಇಷ್ಟ್ ವರ್ಷ ಎಲ್ ಬಚ್ಚಿಟ್ಟಿದ್ರಿ ಸಾ?” ಎಂದು ಆರಿಸುವವರ ಪೈಕಿ ಹಿರಿಯಳಾದ ಪುಟ್ಟಲಿಂಗಿ ದಬಾಯಿಸಿದಳು. “ನಮಗೆ ಕೊಡ್ತಿದ್ದಿದ್ದು ಕಲಗಚ್ಚು ಅಂತ ಇವತ್ತು ಗೊತ್ತಾಯ್ತು!”

ಜಯಚಂದ್ರ ಯಂತ್ರದತ್ತ ನೋಡಿದರು. “ಕೆಟ್ಟಿದೆಯಾ ಇದು?”

“ಇಲ್ಲ ಸರ್. ನಾನು ಕಲಿಸಿದ್ದನ್ನ ಸರಿಯಾಗೇ ಕಲಿತಿದೆ. ಕುಡಿಯೋರು ನುಂಗ್ತಾರೆ. ನಾವಿಬ್ರೂ ಉಗುಳ್ತಿದ್ವಿ.”

“ಸರಿ, ಕುರ್ಚಿ ನಿಮ್ಮದೇ,” ಎಂದು ಅವರು ಏಳನೆಯ ಲಕೋಟೆ ಒಡೆದು ಓದಿದರು, ದನಿ ತಗ್ಗಿತು. “ಸೋಮಯ್ಯನವರ ತೋಟ. ಹನ್ನೊಂದು ವರ್ಷದಿಂದ ನಿಮ್ಮ ಅಂಕದಲ್ಲಿ ಕೊನೇ ಸ್ಥಾನ. ಹೋದ ತಿಂಗಳು ಗಿಡ ಕಿತ್ತು ಬೆಣ್ಣೆಹಣ್ಣು ಹಾಕಿದಾರಂತೆ. ಇದು ಕೊನೇ ಫಸಲು.”

ಬೊಳ್ಳಮ್ಮ ಮೇಜಿನ ಮೇಲಿದ್ದ ಫೋನನ್ನು ತನ್ನತ್ತ ಎಳೆದುಕೊಂಡಳು.

“ಸೋಮಯ್ಯನವರ ನಂಬರ್ ಹೇಳಿ ಸರ್. ಬೇಲಿ ಪಕ್ಕ ಒಂದೆರಡು ಗಿಡ ಆದ್ರೂ ಬಿಟ್ಟಿರ್ತಾರೆ.”